ಕುಲಗೆಟ್ಟ ಓಟು

ತಪ್ಪಾಗಿ ಮುದ್ರೆ ಒತ್ತಿದ ಮತಪತ್ರಕ್ಕೆ ನಮ್ಮಲ್ಲಿ ‘ಕುಲಗೆಟ್ಟ ಮತ’ ಎನ್ನುತ್ತಾರೆ. ಪತ್ರಿಕೆಯವರೂ ಹಾಗೇ ಬರೆಯುತ್ತಾರೆ. ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹೋದ ಪಂಚಾಯಿತಿ ಚುನಾವಣೆಯಲ್ಲಿ ಮೇಲೂರಿನ ಹತ್ತಿರದ ನಮ್ಮೂರಿಂದ ನಾನು ನಿಂತಿದ್ದೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗಂಡಸರ ನಡುವೆ ನಿಂತು ರೇಷ್ಮೆಗೂಡಿಗೆ ಚೌಕಾಸಿ ಮಾಡಿ, ನೂಲು ತೆಗೆಯುವ ಸ್ವಂತ ಘಟಕ ಮಾಡಿಕೊಂಡವಳು ನಾನು. ಓಟು ಕೇಳುವುದೂ ಒಂದು ವ್ಯಾಪಾರವೇ ತಾನೇ ಅಂದುಕೊಂಡಿದ್ದೆ. ಇದ್ದದ್ದು ಒಂದೇ ಸ್ಥಾನ, ನಿಂತವರು ಇಬ್ಬರು ಹೆಂಗಸರು. ಇಬ್ಬರೂ ಮನೆಮನೆಗೆ ಹೋಗಿ ಕುಂಕುಮ ಇಟ್ಟು ಹಿರಿಯರ ಕಾಲಿಗೆ ಬಿದ್ದೆವು.

ಎಣಿಕೆಯ ದಿನ ಅಧಿಕಾರಿ ಒಂದೊಂದೇ ಮತಪತ್ರ ಬಿಚ್ಚಿ ಎತ್ತಿ ತೋರಿಸುತ್ತಿದ್ದರು. ಕೆಲವುಗಳಲ್ಲಿ ಎರಡೂ ಚಿಹ್ನೆಗಳ ಮೇಲೆ ಮುದ್ರೆ. “ಇದು ಕುಲಗೆಟ್ಟಿದ್ದು” ಎಂದು ಪಕ್ಕಕ್ಕೆ ಹಾಕಿದರು. ಎದುರಾಳಿಯ ಏಜೆಂಟು ಕಿಸಕ್ಕನೆ ನಕ್ಕ.

“ಏನಕ್ಕಾ, ಕುಲಗೆಟ್ಟಿದ್ದೆಲ್ಲ ನಿಮ್ ಕಡೇದೇ ಇರ್ಬೇಕು ಅಲ್ವಾ?”

ನಾನು ಬೇರೆ ಜಾತಿಯವರನ್ನು ಮದುವೆಯಾದವಳು. ಅದು ಅವನಿಗೆ ಗೊತ್ತು. ತವರಿನ ಬೀದಿಯಲ್ಲಿ ನನಗಿಟ್ಟ ಹೆಸರೂ ಅದೇ.

“ಬಾಯ್ಮುಚ್ಚಪ್ಪ. ಕಾಗದಕ್ಕೆ ಯಾವ ಕುಲ? ನಿಮ್ಮಪ್ಪ ಬಂದು ನಾಮಕರಣ ಮಾಡಿದ್ನಾ?”

“ಪೋನೀಲೇ ಅಕ್ಕಾ, ಬಿಟ್ಬಿಡಿ, ತಮಾಷೆಗಂದೆ.”

“ಸಾರ್, ನೀವಾದ್ರೂ ತಿರಸ್ಕೃತ ಅನ್ನಿ.”

“ಎಲ್ಲಾರೂ ಹಂಗೇ ಅಂತಾರಲ್ಲಮ್ಮ” ಎಂದರು ಅಧಿಕಾರಿ, ತಲೆ ಎತ್ತದೆ.

ಮೊದಲು ಯಾರು ಅಂದರೋ ತಿಳಿಯದು. ಎಲ್ಲಿಂದ ಎತ್ತಿಕೊಂಡರು ಎಂದು ಹೇಳಲು ಮಾತ್ರ ಪಂಡಿತರು ಬೇಕಿಲ್ಲ. ಊಟದ ಪಂಕ್ತಿಯಿಂದ ಎಬ್ಬಿಸಿ, ಮನೆಗೆ ಸೇರಿಸದೆ, ಮನುಷ್ಯರನ್ನು ಹೊರಗೆ ಹಾಕುವಾಗ ಆಡುತ್ತಿದ್ದ ಮಾತು ಅದು. ಹೊರಗೆ ಹಾಕುವ ಕಾಗದಕ್ಕೂ ಅದನ್ನೇ ಅಂಟಿಸಿದರು. ಕಲೆ ಬಿದ್ದ ಗೂಡಿಗೂ ನಾವು ಹಾಗನ್ನುವುದಿಲ್ಲ. ಬೆಲೆ ಇಳಿಸಿ ಕೊಳ್ಳುತ್ತೇವೆ.

ನಾನು ಸೋತೆ. ಸೋತ ಅಂತರಕ್ಕಿಂತ ಪಕ್ಕಕ್ಕಿಟ್ಟ ಓಟುಗಳೇ ಹೆಚ್ಚಿದ್ದವು. ಮನೆಗೆ ಬಂದವಳೇ ಕೂಗಾಡಿದೆ. “ಎರಡು ಕಡೆ ಒತ್ತೋ ಅಂಥ ದಡ್ಡರು ಯಾರಿದಾರೆ ಈ ಊರಲ್ಲಿ?”

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ, “ನಾನೇ ಕಣಮ್ಮ” ಎಂದರು. “ಅವ್ಳೂ ಬಂದು ಕುಂಕುಮ ಇಟ್ಟು ಕಾಲಿಗೆ ಬಿದ್ಲು. ಸೊಸೆ ಅಂತ ನಿಂಗೊಬ್ಳಿಗೇ ಒತ್ತಿ ಅವ್ಳಿಗೆ ಬಿಟ್ರೆ ಚೆನ್ನಾಗಿರ್ತದಾ? ಪಕ್ಕದ್ಮನೇವ್ಳೂ ಹಂಗೇ ಒತ್ತಿದ್ಲು.”

ಬಾಯಿಗೆ ಬಂದ ಬೈಗುಳ ನುಂಗಿಕೊಂಡೆ. ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸಲಾರದ ಈ ದಾಕ್ಷಿಣ್ಯದಿಂದಲೇ ಅಲ್ಲವೇ ಅವರು ನನ್ನನ್ನೂ ಒಳಗೆ ಕರೆದುಕೊಂಡದ್ದು? ಅಂಥ ಹೆಂಗಸಿನ ಓಟಿಗೆ ಆ ಹೆಸರು!

ಮುಂದೆ ಚುನಾವಣೆಗೆ ನಿಲ್ಲುವವರಿಗೆ ನನ್ನದೊಂದು ಮಾತು. ಕುಂಕುಮ ಇಟ್ಟು ಹಾಗೇ ಎದ್ದು ಬರಬೇಡಿ. “ಕುಂಕುಮ ಇಬ್ಬರದೂ ಇಸ್ಕೊಳ್ಳಮ್ಮ, ಮುದ್ರೆ ಒಬ್ಬರಿಗೇ ಒತ್ತು. ಇನ್ನೊಬ್ಬರಿಗೆ ಗೊತ್ತೇ ಆಗಲ್ಲ” ಎಂದು ಹೇಳಿ. ಎದುರಾಳಿಯ ಮನೆಯ ಮುದುಕಿಗೂ ಹೇಳಿ. ಇಷ್ಟು ಹೇಳಿಕೊಡಲು ನಮ್ಮಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹೆಸರಿಡಲು ಮಾತ್ರ ಎಲ್ಲರೂ ತಯಾರು.