ಹೊಳೆಯ ಮೇಲೆ ನಾನು ಎಳೆದ ದಾರಿ

ಕಚೇರಿಯ ಕಂಪ್ಯೂಟರಿನ ಉಪಗ್ರಹ ಚಿತ್ರದಲ್ಲಿ ಮೊದಲ ಸಲ ಇಡೀ ಬಂಟ್ವಾಳವನ್ನು ಮೇಲಿನಿಂದ ನೋಡಿದ ದಿನ ನಾನು ಮೇಜಿನ ಮೇಲಿದ್ದ ಚಹಾವನ್ನೇ ಮರೆತುಬಿಟ್ಟೆ. ದಿನಾ ಬಸ್ಸಿನ ಕಿಟಕಿಯಿಂದ ಚೂರುಚೂರಾಗಿ ಕಂಡ ಊರುಗಳೆಲ್ಲ ಅಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದವು. ನೇತ್ರಾವತಿ ಎಷ್ಟು ತಿರುವು ತೆಗೆದುಕೊಳ್ಳುತ್ತಾಳೆ ಎಂದು ನನಗೆ ಗೊತ್ತಾದದ್ದೇ ಆವತ್ತು. ಮಾಣಿ ಪೇಟೆಯ ಕವಲನ್ನು ಹಿಡಿದೆ, ಬೆಳ್ತಂಗಡಿಗೆ ಹೋದೆ, ಅಲ್ಲಿಂದ ಮೂಡುಬಿದಿರೆಗೆ ಜಾರಿ ನಮ್ಮ ಮನೆಯ ನೀಲಿ ತಗಡಿನ ಮಾಡನ್ನೂ ಹುಡುಕಿದೆ. ನನ್ನ ಮನೆಯನ್ನು ನಾನೇ ಕಂಡುಹಿಡಿದ ಸಂಭ್ರಮಕ್ಕೆ ಪಕ್ಕದ ಮೇಜಿನವರು ನಕ್ಕರು.

ನನ್ನ ಕೆಲಸ ಆಶಾ ಕಾರ್ಯಕರ್ತೆಯರ ವ್ಯಾಪ್ತಿಯ ಗಡಿಗಳನ್ನು ಹೊಸದಾಗಿ ಎಳೆಯುವುದು. ಗರ್ಭಿಣಿಯರನ್ನೂ ಎಳೆ ಮಕ್ಕಳನ್ನೂ ನೋಡಿಕೊಳ್ಳಲು ಮನೆಮನೆಗೆ ನಡೆಯುವವರು ಅವರು. ಒಬ್ಬರಿಗೆ ಮನೆಗಳು ತೀರಾ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಎಂಬ ದೂರು ಹಳೆಯದು. ನಮ್ಮ ಕಡೆ ಮನೆಗಳು ಸಾಲಾಗಿಯೂ ಇಲ್ಲ. ಗದ್ದೆಯಾಚೆ ಒಂದು, ಗುಡ್ಡದ ಮೇಲೆ ಒಂದು. ಆದರೆ ಪರದೆಯ ಮೇಲೆ ಪ್ರತಿ ಮನೆಯೂ ಒಂದೊಂದು ಚುಕ್ಕಿ. ಗೆರೆಯನ್ನು ಮೌಸಿನಿಂದ ಎಳೆದರೆ ಚುಕ್ಕಿಗಳ ಬಣ್ಣ ಬದಲಾಗುತ್ತದೆ, ಮನೆಗಳ ಸಂಖ್ಯೆ ತಾನಾಗಿಯೇ ತಿದ್ದಿಕೊಳ್ಳುತ್ತದೆ. ನಾನು ಅಷ್ಟು ಎತ್ತರದಲ್ಲಿ ಕುಳಿತಿದ್ದೆ, ಸ್ವಲ್ಪ ಜಂಬವೂ ಬಂದಿತ್ತು.

ಪುಂಜಾಲಕಟ್ಟೆಯ ಸಮೀಪದ ಒಂದು ಊರಿನಲ್ಲಿ ಹೊಳೆಯ ಆಚೆ ದಡದ ಕಾರ್ಯಕರ್ತೆಗೆ ಮನೆಗಳು ಹೆಚ್ಚಾಗಿದ್ದವು. ಎರಡೂ ದಡಗಳಿಂದ ಇಳಿದ ಕಾಲುದಾರಿ ಹೊಳೆಯನ್ನು ದಾಟುವುದು ಚಿತ್ರದಲ್ಲಿ ಕಂದು ಗೆರೆಯಾಗಿ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ದಾರಿ ಎಂದು ಗುರುತು ಹಾಕಿದೆ. ಈಚೆಯ ಕಾರ್ಯಕರ್ತೆಯ ಮನೆಯಿಂದ ಆಚೆಯ ಮನೆಗಳಿಗೆ ದೂರ ಮುನ್ನೂರು ಮೀಟರ್ ಎಂದಿತು ಕಂಪ್ಯೂಟರ್. ಆಚೆಯ ಏಳು ಮನೆಗಳನ್ನು ಈಚೆ ದಡದ ಕಾರ್ಯಕರ್ತೆಗೆ ಕೊಟ್ಟೆ. ಸಂಖ್ಯೆ ಸಮವಾಯಿತು, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕರಡು ಪಟ್ಟಿ ಹೋದ ಮರುದಿನ ಈಚೆ ದಡದ ಕಾರ್ಯಕರ್ತೆ ಕಚೇರಿಗೇ ಬಂದರು. ಐವತ್ತು ದಾಟಿದವರು, ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಪರದೆಯನ್ನು ತೋರಿಸಿದೆ. ತಮ್ಮ ಮನೆ ಕಂಡಾಗ ಅವರೂ ನನ್ನ ಹಾಗೆಯೇ ಬೆರಗಾಗಿ ಗಾಜನ್ನು ಮುಟ್ಟಿ ನೋಡಿದರು. ಆಮೇಲೆ ಅವರ ಬೆರಳು ಹೊಳೆಗೆ ಇಳಿದು ನನ್ನ ಗೆರೆಯ ಮೇಲೆ ನಿಂತಿತು.

"ಇದು ದಾರಿ ಅಲ್ಲ ಮೇಡಂ, ಕಟ್ಟ. ಮಳೆ ಬಂದ್ರೆ ಇದು ಇರುವುದಿಲ್ಲ."

ನನ್ನ ಮುಖ ಹುಳ್ಳಗಾಯಿತು. ಮಳೆ ನಿಂತು ನೀರು ಇಳಿದ ಮೇಲೆ ಊರವರೆಲ್ಲ ಸೇರಿ ಕಲ್ಲು, ಮಣ್ಣು, ಮರಳಿನ ಚೀಲ ಪೇರಿಸಿ ಹೊಳೆಗೆ ಅಡ್ಡ ಹಾಕುವ ಒಡ್ಡು ಅದು. ಬೇಸಗೆಯಲ್ಲಿ ತೋಟಕ್ಕೆ ನೀರು, ಅದರ ಮೇಲೆ ನಡೆಯುವವರಿಗೆ ದಾರಿ. ಮಳೆಗಾಲಕ್ಕೆ ಅದನ್ನು ಬಿಡಿಸುತ್ತಾರೆ, ಉಳಿದದ್ದನ್ನು ಹೊಳೆಯೇ ಒಯ್ಯುತ್ತದೆ. ನಾರಾವಿಯ ಅಜ್ಜಿಮನೆಯಲ್ಲಿ ಚಿಕ್ಕವಳಿದ್ದಾಗ ನಾನೇ ಕಟ್ಟಕ್ಕೆ ಕಲ್ಲು ಹೊತ್ತವಳು. ಆದರೆ ಕಟ್ಟವನ್ನು ಮೇಲಿನಿಂದ ಯಾವತ್ತೂ ನೋಡಿರಲಿಲ್ಲ, ಗುರುತೇ ಸಿಗಲಿಲ್ಲ.

ಅಕ್ಕ ಬಂದದ್ದು ಚುಕ್ಕಿಗಳ ಲೆಕ್ಕಕ್ಕಾಗಿ ಅಲ್ಲ. ಆ ಏಳು ಮನೆಗಳಲ್ಲಿ ಒಂದಕ್ಕೆ ಚೊಚ್ಚಲ ಹೆರಿಗೆಗೆಂದು ಮಗಳು ತವರಿಗೆ ಬಂದಿದ್ದಳು. ಹೆರಿಗೆಯ ದಿನ ಇದ್ದದ್ದು ಜಡಿಮಳೆ ಹೊಡೆಯುವ ಆಟಿ ತಿಂಗಳಿಗೆ, ಬಿಪಿ ಬೇರೆ ಏರುತ್ತಿತ್ತು. ಆಚೆ ದಡದ ಕಾರ್ಯಕರ್ತೆಯ ಮನೆ ಅಲ್ಲೇ ಕೂಗಳತೆಯಲ್ಲಿ. ಅಕ್ಕ ಹೋಗಬೇಕಾದರೆ ಪುಂಜಾಲಕಟ್ಟೆಯಾಗಿ ಸುತ್ತಬೇಕು, ಮುಕ್ಕಾಲು ಗಂಟೆ. "ಹುಡುಗಿಗೆ ಬೇನೆ ಬಂದ್ರೆ ನಾನು ಈಚೆ ನಿಂತು ನೋಡುವುದಷ್ಟೇ," ಎಂದರು.

ಹಾಗಾದರೆ ಸಂಖ್ಯೆ ಸರಿಮಾಡುವುದು ಹೇಗೆ ಎಂದು ಕೇಳಿದೆ. ಅವರು ಪರದೆ ನೋಡದೆಯೇ ಹೇಳತೊಡಗಿದರು: ಯಾವ ಮನೆಗೆ ಎಷ್ಟು ಮೆಟ್ಟಿಲು, ಎಲ್ಲಿ ನಾಯಿ ಕಟ್ಟುವುದಿಲ್ಲ, ಯಾವ ಹಳ್ಳದ ಮೇಲಿನ ಹಲಗೆ ಜೂನ್‌ನಲ್ಲಿ ಜಾರುತ್ತದೆ, ಯಾರ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ. ನಾನು ಕೇಳುತ್ತಲೇ ಕುಳಿತೆ. ಆಕಾಶದಿಂದ ತೆಗೆದ ಚಿತ್ರ ನೋಡಿದಾಗ ಆದದ್ದಕ್ಕಿಂತ ದೊಡ್ಡ ಬೆರಗು ಆಗ ಆಯಿತು. ಕೊನೆಗೆ ಅವರೇ ದಾರಿ ತೋರಿಸಿದರು.

"ಹೊಳೆಯ ಈಚೆ ಮೇನ್ ರೋಡಿನ ಗುಡ್ಡದ ಮನೆಗಳನ್ನು ಆಚೆಯವಳಿಂದ ತೆಗೆದು ನನಗೆ ಕೊಡಿ. ಏರು ಉಂಟು. ಆದ್ರೆ ಮಳೆಗೂ ದಾರಿ ಉಂಟು."

ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವವರು ಅವರು, ನನಗೆ ಗೊತ್ತಿತ್ತು. ಕಚೇರಿಯ ಸಾಹೇಬರು ಎಲ್ಲವನ್ನೂ ಕೇಳಿ, ಈ ಯಂತ್ರಕ್ಕೆ ಮಳೆಗಾಲ ಹೇಳಿಕೊಡಲು ಆಗುವುದಿಲ್ಲವೇ ಎಂದು ಗೊಣಗಿ ಸಹಿ ಹಾಕಿದರು. ಗೆರೆಯನ್ನು ಹೊಳೆಯ ನಡುವೆ ಇಟ್ಟೆ. ಅರೆಗಳಿಗೆಯ ಕೆಲಸ.

ಆಟಿಯಲ್ಲಿ ಒಂದು ಬೆಳಿಗ್ಗೆ ಅಕ್ಕನ ಫೋನು. ಹುಡುಗಿಗೆ ಬೇನೆ ಬಂದು, ಆಚೆಯ ಕಾರ್ಯಕರ್ತೆ ಕೂಡಲೇ ಓಡಿ ಹೋಗಿ ರಿಕ್ಷಾ ಹತ್ತಿಸಿದ್ದಳಂತೆ. ಆಸ್ಪತ್ರೆ ಮುಟ್ಟಿ ಹತ್ತು ನಿಮಿಷಕ್ಕೆ ಹೆಣ್ಣುಮಗು. ತಾಯಿಗೆ ಫಿಟ್ಸ್ ಬಂದದ್ದು ಡಾಕ್ಟರರ ಕೈಯಲ್ಲಿದ್ದಾಗ, ಹಾಗಾಗಿ ಉಳಿದಳಂತೆ.

ಆ ಆದಿತ್ಯವಾರ ಅಕ್ಕನ ಜೊತೆ ಹೊಳೆಯ ಬದಿಗೆ ಹೋದೆ. ಕೆಂಪು ನೀರು ದಡದಿಂದ ದಡಕ್ಕೆ ತುಂಬಿ ಹೋಗುತ್ತಿತ್ತು, ಕಟ್ಟದ ಒಂದು ಕಲ್ಲೂ ಕಾಣಲಿಲ್ಲ. ಆಚೆ ಮನೆಯ ಜಗಲಿಯಲ್ಲಿ ಮಗುವಿನ ಬಟ್ಟೆಗಳನ್ನು ಒಣಗಲು ಹಾಕಿದ್ದರು. ನಾನು ಅಕ್ಕನ ಕೈ ಹಿಡಿದುಕೊಂಡೆ. ಈ ನೀರಿನ ಮೇಲೆ ಮುನ್ನೂರು ಮೀಟರ್ ದಾರಿ ಉಂಟೆಂದು ಬರೆದುಕೊಟ್ಟವಳು ನಾನು.