ನಕ್ಷೆಯಲ್ಲಿಲ್ಲದ ಮನೀಫಾ ಬಾವಿ

ತುರ್ಫಾ ಒಂದು ಕಡೆ ಕೂತವಳಲ್ಲ. ಮರುಭೂಮಿಯ ಜಫ್ರ್ ಬಯಲಿನಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ಸಿಮೆಂಟು ಮನೆಗಳಿಗೆ ಅವಳ ಅಲೆಮಾರಿ ಮಂದಿ ಬಂದು ಒಂದು ತಲೆಮಾರೇ ಕಳೆದಿತ್ತು. ಉಳಿದವರೆಲ್ಲ ಗೋಡೆಗೆ ಒರಗಿ ಕೂತು ಟಿವಿ ನೋಡುವುದನ್ನು ಕಲಿತರು. ಇವಳು ಮಾತ್ರ ಬೆಳಗಾದರೆ ಮೇಕೆ ಹಟ್ಟಿಗೆ, ಅಲ್ಲಿಂದ ಅಣ್ಣನ ಮನೆಗೆ, ಅಲ್ಲಿಂದ ಟಾರು ರಸ್ತೆಯ ತನಕ, ಮತ್ತೆ ಹಟ್ಟಿಗೆ. ಮಂಡಿ ಎರಡೂ ಸವೆದಿವೆ, ಓಡಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಡಾಕ್ಟರಿಗೇನು, ಹೇಳುತ್ತಾರೆ. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ಯೇನೇ?" ಎಂದು ತೀರಿಹೋದ ಗಂಡ ರೇಗಿಸುತ್ತಿದ್ದ. ಅವಳು ಹುಟ್ಟಿದ್ದು ಡೇರೆ ಕಿತ್ತು ಹೊರಟ ದಾರಿಯಲ್ಲೇ. ಇನ್ನೂ ಅಂಬೆಗಾಲಿಡುತ್ತಿದ್ದಾಗ ಅಂಥದ್ದೇ ಇನ್ನೊಂದು ದಾರಿಯಲ್ಲಿ ತಾಯಿ ಜ್ವರ ಬಂದು ಹೋಗಿಬಿಟ್ಟಳು. ಸಂಜೆ ಮಣ್ಣು ಮಾಡಿದರು, ಬೆಳಿಗ್ಗೆ ಎದ್ದು ಮುಂದೆ ನಡೆದರು. ಒಂಟೆಗಳಿಗೆ ಮೇವು ಬೇಕಿತ್ತು.

"ನಿಮ್ಮಮ್ಮ ಮನೀಫಾ ಬಾವಿ ಪಕ್ಕ ಮಲಗಿದ್ದಾಳೆ" ಎಂದಷ್ಟೇ ಅಪ್ಪ ಹೇಳುತ್ತಿದ್ದ. ಮನೀಫಾ ಅಂದರೆ ಅಪ್ಪನ ತಾಯಿ. ಇಲ್ಲಿ ನೀರು ಬೀಳೋದಿಲ್ಲ ಎಂದು ಗಂಡಸರೆಲ್ಲ ಕೈಚೆಲ್ಲಿದಾಗ, ಬಿದ್ದೇ ಬೀಳುತ್ತದೆಂದು ಹಟ ಹಿಡಿದು ಹುಸೈಬ್ ಕಣಿವೆಯಲ್ಲಿ ಬಾವಿ ತೋಡಿಸಿದ ಗಟ್ಟಿಗಿತ್ತಿ. ಮನೆಯೊಳಗೆ ಎಲ್ಲರ ಬಾಯಲ್ಲೂ ಅದು ಮನೀಫಾ ಬಾವಿ. ಒಂದು ಸಲ ಕರೆದುಕೊಂಡು ಹೋಗ್ತೀನಿ ಎನ್ನುತ್ತ ಎನ್ನುತ್ತಲೇ ಅಪ್ಪನೂ ಕಣ್ಣು ಮುಚ್ಚಿದ. ತುರ್ಫಾಳ ಮನಸ್ಸಿನಲ್ಲಿ ಅದೊಂದು ಮುಳ್ಳಾಗಿ ಉಳಿಯಿತು. ಆದರೆ ಕಣಿವೆ ಎಲ್ಲಿಗೆ ಹೋಗುತ್ತದೆ, ನಾಳೆ ನೋಡಿದರಾಯಿತು ಎಂದುಕೊಂಡೇ ಮುದುಕಿಯಾದಳು.

ಕಣಿವೆ ಹೊರಟೇಬಿಟ್ಟಿತು. ಗಣಿಯವರು ಅದನ್ನು ಹಿಡಿದರಂತೆ. ಶುಕ್ರವಾರದ ನಮಾಜಿನ ನಂತರ ಮಸೀದಿಯಲ್ಲಿ ಹೇಳಿದರು: ಹುಸೈಬಿನಲ್ಲಿ ನಿಮ್ಮವರ ಗೋರಿ ಇದ್ದರೆ ರಂಜಾನ್ ಒಳಗೆ ಬಂದು ತೋರಿಸಿ, ಹೆಸರು ಬರೆದು ಬೇಲಿ ಹಾಕುತ್ತೇವೆ; ತೋರಿಸದ ಕಡೆ ಯಂತ್ರ ಇಳಿಯುತ್ತದೆ.

ತುರ್ಫಾ ಚಪ್ಪಲಿಯನ್ನೂ ಮೆಟ್ಟದೆ ಅಣ್ಣ ಮುತ್ಲಕನ ಮನೆಗೆ ಓಡಿದಳು. ಅವನು ಒಲೆಯ ಮುಂದೆ ಕಾಫಿ ಬೀಜ ಹುರಿಯುತ್ತಿದ್ದ.

"ಅಮ್ಮನ ಮೇಲೆ ಬುಲ್ಡೋಜರ್ ಹತ್ತಿಸ್ತಾರಂತಣ್ಣ! ನೀನಿಲ್ಲಿ ಕಾಫಿ ಹುರೀತಾ ಕೂತಿದ್ಯಲ್ಲ?"

"ನಾನೇನ್ ಮಾಡ್ಲಿ ಹೇಳು. ಆ ಕಣಿವೆ ಅಂದ್ರೆ ನಿನ್ನ ಮೇಕೆ ಹಟ್ಟೀನಾ? ಇಲಿ ಬಿಲ ಇದ್ದಷ್ಟು ಬಾವಿ ಅವೆ. ಅರ್ಧಕ್ಕರ್ಧ ಹೂತೋಗವೆ."

"ನೀನಾಗ ದೊಡ್ಡವನಿದ್ದೆ. ನೆನಪಿರ್ಬೇಕಲ್ಲ?"

ಮುತ್ಲಕ ಬಾಣಲೆ ಅಲ್ಲಾಡಿಸುವುದನ್ನು ನಿಲ್ಲಿಸಿದ. "ಬೆಳಗಿನ ಜಾವ ನನ್ನ ಎತ್ತಿ ಒಂಟೆ ಮೇಲೆ ಕೂರಿಸಿದ್ರು. ನಿದ್ದೇಲಿದ್ದೆ ಕಣೇ. ಕಣ್ ಬಿಟ್ಟಾಗ ಬಾವಿ ಹಿಂದೆಲ್ಲೋ ಉಳಿದೋಗಿತ್ತು. ಸಾಕಾ?" ಬೀಜ ಸೀದು ಹೊಗೆಯೆದ್ದಿತು.

ಅವನ ಮಗಳು ಅರೀಜ್ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳದ ಟೀಚರು. ಅತ್ತೆಯ ಗೋಳು ನೋಡಲಾರದೆ ರಾಜಧಾನಿ ಅಮ್ಮಾನಿನಿಂದ ಹಳೆಯ ನಕ್ಷೆಗಳ ಪ್ರತಿ ತರಿಸಿದಳು. ಬಿಳಿಯರು ಈ ಬಯಲನ್ನೆಲ್ಲ ಅಳೆದು ಬರೆದ ಕಾಲದವು. ಆ ಬಿಳಿಯರಿಗೆ ಹುಸೈಬ್ ಕಣಿವೆ ಉದ್ದಕ್ಕೂ ದಾರಿ ತೋರಿಸಿದವನು ಬೇರೆ ಯಾರೂ ಅಲ್ಲ, ತುರ್ಫಾಳ ಅಪ್ಪನೇ. ಮುತ್ಲಕ ಅದನ್ನು ಬಂದವರಿಗೆಲ್ಲ ಹೇಳಿ ಮೀಸೆ ತಿರುವುತ್ತಿದ್ದ. ಅಪ್ಪನೇ ತೋರಿಸಿದ ಮೇಲೆ ಮನೀಫಾ ಬಾವಿ ಅದರಲ್ಲಿ ಇಲ್ಲದೆ ಎಲ್ಲಿಗೆ ಹೋದೀತು? ತುರ್ಫಾಳಿಗೆ ಆ ದಿನ ಊಟವೂ ಸೇರಲಿಲ್ಲ.

ನೆಲದ ಮೇಲೆ ಹಾಳೆ ಹರಡಿ, ನಾಲ್ಕು ಮೂಲೆಗೆ ಟೀ ಲೋಟ ಇಟ್ಟು ಅರೀಜ್ ಓದುತ್ತ ಹೋದಳು. ದುಬಾನ್ ಬಾವಿ, ಉಪ್ಪು ಬಾವಿ, ರಬ್ದಾ ಬಾವಿ, ಇಬ್ಬರಣ್ಣಂದಿರ ಬಾವಿ, ಕೋಡುಗಲ್ಲು ಬಾವಿ.

"ಮನೀಫಾ?"

"ಇಲ್ಲತ್ತೆ."

"ಸರಿಯಾಗ್ ನೋಡೇ. ಕಣ್ಣಿಗೆ ಕನ್ನಡಕ ಯಾಕ್ ಹಾಕ್ಕೊಂಡಿದ್ಯ ಮತ್ತೆ?"

ಬೇರೆ ಹಾಳೆ ನೋಡಿದರು, ಅದಕ್ಕಿಂತ ಹಳೆಯದನ್ನು ನೋಡಿದರು. ಇಲ್ಲ. ತುರ್ಫಾ ಎದ್ದಳು, ಬಾಗಿಲ ತನಕ ಹೋದಳು, ಬಂದಳು, ಮತ್ತೆ ಓದಿಸಿದಳು. ಎರಡು ಸಲ ಅರೀಜಳ ಪಿಕಪ್ಪಿನಲ್ಲಿ ಕಣಿವೆಗೂ ಹೋಗಿಬಂದಳು. ಕಣ್ಣು ಹಾಯುವಷ್ಟು ದೂರ ಕರಿಗಲ್ಲು. ಕಂಡ ಕಂಡ ಹೂತ ಬಾವಿಯ ಬಳಿ ಇಳಿದು ಗೋರಿ ಹುಡುಕಿದಳು. ದಿನ್ನೆಯಾಚೆ ಆಗಲೇ ಯಂತ್ರಗಳ ಸದ್ದು. ಮನೆಗೆ ಬಂದು ಹಿಟ್ಟು ಕಲಸಿದರೆ ಉಪ್ಪು ಮರೆಯುತ್ತಿದ್ದಳು, ರೊಟ್ಟಿ ಹಾಕಿದರೆ ಸೀಯಿಸುತ್ತಿದ್ದಳು. ಅಪ್ಪನ ಮೇಲೆ ಎಲ್ಲಿಲ್ಲದ ಸಿಟ್ಟು. ಊರವರ ಬಾವಿಯನ್ನೆಲ್ಲ ಬರೆಸಿದವನಿಗೆ ತನ್ನ ತಾಯಿ ತೋಡಿಸಿದ್ದೇ ಬೇಡವಾಯಿತೇ! ಸತ್ತವರನ್ನು ಬೈಯಬಾರದು, ಬೈದಳು.

ರಂಜಾನಿಗೆ ಇನ್ನೇನು ವಾರ ಉಳಿದಿದೆ ಅನ್ನುವಾಗ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅಣ್ಣನ ಮನೆಗೆ ಬಂದಳು. ಮುತ್ಲಕ ಅದುವರೆಗೆ ಆ ಹಾಳೆಯತ್ತ ತಿರುಗಿಯೂ ನೋಡಿರಲಿಲ್ಲ.

"ಒಂದು ಮಾತು ಕೇಳ್ತೀನಿ, ಸಿಡುಕಬೇಡ. ಈಗ ಯಾರೋ ಪರದೇಶದವನು ಪೆನ್ಸಿಲ್ ಹಿಡ್ಕೊಂಡು ಬಂದ. ಮನೀಫಾ ಬಾವಿ ಹತ್ರ ನಿಂತು, ಇದರ ಹೆಸರೇನಪ್ಪ ಅಂದ. ಏನ್ ಹೇಳ್ತೀಯ?"

"ನಮ್ಮಜ್ಜಿ ಹೆಸರನ್ನಾ? ಗುರುತು ಪರಿಚಯ ಇಲ್ದಿರೋ ಗಂಡಸಿನ ಮುಂದೆ?" ಮುತ್ಲಕನಿಗೆ ಕೇಳಿಯೇ ನಾಚಿಕೆಯಾಯಿತು. "ನಾಲಿಗೆ ಕಿತ್ಕೊಂಡ್ರೂ ಹೇಳಲ್ಲ. ಮಾನ ಮರ್ಯಾದೆ ಇಲ್ವೇನೇ?"

"ಹಂಗಾದ್ರೆ ಏನಂತೀಯ? ಅವನು ಬಿಡಲ್ಲ, ಬರ್ಕೊಳ್ಳೇಬೇಕು ಅಂತಾನೆ."

"ಏನೋ ಒಂದು ಅಂದ್ರಾಯ್ತು. ನಾನ್ ಕೂತಿರೋ ಒಂಟೆ ಹೆಸರು ಹೇಳಿ ಮುಂದಕ್ಕೆ ಹೊಡ್ಕೊಂಡ್ ಹೋಗ್ತೀನಿ!" ಎಂದು ತನ್ನ ಜಾಣತನಕ್ಕೆ ತಾನೇ ನಕ್ಕ.

ತುರ್ಫಾ ನಗಲಿಲ್ಲ. "ಅಪ್ಪ ಬಿಳಿಯರಿಗೆ ದಾರಿ ತೋರಿಸ್ದಾಗ ಏರ್ತಿದ್ದ ಒಂಟೆ ಯಾವ್ದು?"

"ನೀನು ಹುಟ್ಟೋಕ್ ಮುಂಚೇದು. ಬೂದಿ ಬಣ್ಣದ್ದು, ಗಾಳಿ ಥರ ಓಡೋದು. ರಬ್ದಾ ಅಂತ."

ಒಳಗಿನಿಂದ ಟೀ ತರುತ್ತಿದ್ದ ಅರೀಜ್ ಅಲ್ಲೇ ನಿಂತಳು. ತಟ್ಟೆ ಕೆಳಗಿಟ್ಟು, ಹಾಳೆ ಬಿಚ್ಚಿ, ಬೆರಳಿಟ್ಟಳು. "ಅಪ್ಪಾ... ರಬ್ದಾ ಬಾವಿ. ಇಲ್ಲಿದೆ."

ಮುತ್ಲಕ ಮೊದಲ ಸಲ ನಕ್ಷೆಯ ಮೇಲೆ ಬಾಗಿದ. ಮಗಳ ಬೆರಳಿದ್ದಲ್ಲಿ ತಾನೂ ಬೆರಳಿಟ್ಟ. "ಅಯ್ಯೋ ನಮ್ಮಪ್ಪಾ" ಎಂದ. "ಗಾಡಿ ತೆಗಿ, ಅರೀಜ್."

ನಕ್ಷೆ ತೋರಿಸಿದ ತಿರುವಿನಲ್ಲಿ, ಒಣಗಿದ ಹಳ್ಳದ ದಂಡೆಯ ಮೇಲೆ, ಬಾಯಿ ಮುಚ್ಚಿಹೋದ ಬಾವಿಯಿತ್ತು. ಅದರಾಚೆ ಒಂದೇ ಒಂದು ಗೋರಿ. ಗಂಡಸಿಗೆ ಎರಡು ಕಲ್ಲು, ಹೆಂಗಸಿಗೆ ಮೂರು ನೆಡುವುದು ಅವರ ಮಂದಿಯ ರೂಢಿ; ಅಲ್ಲಿ ಮೂರಿದ್ದವು. ತುರ್ಫಾ ನಡುವಿನ ಕಲ್ಲಿನ ಮೇಲೆ ಅಂಗೈ ಇಟ್ಟಳು. ಬಿಸಿಲಿಗೆ ಸುಡುತ್ತಿತ್ತು, ತೆಗೆಯಲಿಲ್ಲ. "ಬಂದೆ ಕಣಮ್ಮ. ತಡ ಆಯ್ತು" ಎಂದು ಬಿಕ್ಕಿದಳು.

ಅರೀಜ್ ಹೋಗಿ ಗಣಿಯ ಗುಮಾಸ್ತನನ್ನು ಕರೆತಂದಳು. ಬೋಳುತಲೆಯ, ದಣಿದ ಮನುಷ್ಯ. ತಗಡಿನ ಹಲಗೆ ಮತ್ತು ಕರಿ ಬಣ್ಣದ ಡಬ್ಬಿ ಹಿಡಿದು ಬಂದ.

"ಹೆಸರು ಹೇಳಿ."

"ಮುತ್ಲಕನ ತಾಯಿ ಅಂತ ಬರ್ಕೊಳ್ಳಿ" ಎಂದ ಮುತ್ಲಕ.

"ಮುತ್ಲಕ ಅನ್ನೋರು ಈ ಬಯಲಲ್ಲಿ ಬೇಕಾದಷ್ಟಿದ್ದಾರೆ ಯಜಮಾನ್ರೇ. ತಾಯಿ ಹೆಸರು ಹೇಳಿ. ಹೆಸರಿಲ್ದಿದ್ರೆ ನಾಳೆ ಬೇಲಿಯವರು ಒಪ್ಪಲ್ಲ."

ಮುತ್ಲಕ ನೆಲ ನೋಡಿದ. ತುರ್ಫಾಳಿಗೆ ಸಿಟ್ಟು ನೆತ್ತಿಗೇರಿತು. "ಅಪ್ಪ ಹಿಂಗೇ ಬಾಯಿ ಮುಚ್ಕೊಂಡಿದ್ದಕ್ಕೇ ಅಲ್ವೇನೋ ನಾವು ಇಷ್ಟು ಅಲೆದಿದ್ದು? ಇನ್ನೂ ಬುದ್ಧಿ ಬರ್ಲಿಲ್ವಾ ನಿಂಗೆ?" ಅವನು ಪಿಕಪ್ಪಿನ ಕಡೆ ನಡೆದುಬಿಟ್ಟ.

"ನೀವೇ ಹೇಳಮ್ಮ" ಎಂದ ಗುಮಾಸ್ತ, ಕುಂಚ ಅದ್ದಿಕೊಂಡು.

ತುರ್ಫಾ ಬಾಯಿ ತೆರೆದಳು. ಹೆಸರು ಬರಲಿಲ್ಲ. ಹಟ್ಟಿಯಲ್ಲಿ ಒಬ್ಬಳೇ ಇದ್ದಾಗ ಎಷ್ಟು ಸಲ ಕರೆದಿದ್ದ ಹೆಸರು! ಈ ಪರ ಗಂಡಸಿನ ಕುಂಚದ ಮುಂದೆ ಆಡಲು ನಾಚಿಕೆ ತಡೆಯಿತು. ಅಪ್ಪನನ್ನು ಬೈದ ಬಾಯಿಯೇ ಇದು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗಿ ಕಣ್ಣು ತುಂಬಿತು. ಕುಂಚದಿಂದ ಬಣ್ಣ ಕಲ್ಲಿನ ಮೇಲೆ ತೊಟ್ಟಿಕ್ಕಿತು.

"ಫಿದ್ದಾ!"

ಹಿಂದಿನಿಂದ ಬೈದಂತೆ ಬಂತು ದನಿ. ಮುತ್ಲಕ ಪಿಕಪ್ಪಿನ ಬಾಗಿಲು ಹಿಡಿದುಕೊಂಡು ನಿಂತಿದ್ದ. "ಸಬ್ಬಾಹನ ಮಗಳು ಫಿದ್ದಾ. ದೊಡ್ಡಕ್ಷರದಲ್ಲಿ ಬರೀರಿ. ರಸ್ತೇಲಿ ಹೋಗೋರಿಗೂ ಕಾಣ್ಬೇಕು."

ಗುಮಾಸ್ತ ಬರೆದ. ಅಣ್ಣ ತಂಗಿ ಇಬ್ಬರಿಗೂ ಓದಲು ಬಾರದು. "ಏನ್ ಬರೆದಿದ್ದಾರೆ, ಜೋರಾಗಿ ಓದಮ್ಮ" ಎಂದಳು ತುರ್ಫಾ. ಅರೀಜ್ ಓದಿದಳು.

ಮುತ್ಲಕ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡು ಹತ್ತಿರ ಬಂದ.

"ಇನ್ನೊಂದ್ಸಲ ಓದು" ಎಂದ.