ಗಾಜಿನ ಎಳೆಗೆ ಹಲ್ಲು ಹಾಕಿದ್ದು

ಭದ್ರಾವತಿಯ ಟೆಲಿಫೋನ್ ಕಂಪನಿಯಲ್ಲಿ ನನ್ನದು ತಾಮ್ರದ ತಂತಿ ಜೋಡಿಸುವ ಕೆಲಸ. ಕಂಬ ಹತ್ತಿದರೆ ಒಂದು ಕೈ ಕಂಬಕ್ಕೆ, ಇನ್ನೊಂದು ತಂತಿಗೆ. ಸಿಪ್ಪೆ ಸುಲಿಯಲು ಹಲ್ಲೇ ಗತಿ. ನಮ್ಮ ಹಳೆಯ ಲೈನ್‌ಮನ್‌ಗಳೆಲ್ಲ ಹೀಗೇ. ನನ್ನ ಮುಂದಿನ ಹಲ್ಲಿನಲ್ಲಿ ಸಣ್ಣ ಕಚ್ಚೇ ಬಿದ್ದಿದೆ.

ಹೋದ ವರ್ಷ ಕಂಪನಿ ತಾಮ್ರ ಬಿಟ್ಟು ಫೈಬರ್‌ಗೆ ಬಂತು. ಫೋನು, ಟಿವಿ, ಇಂಟರ್‌ನೆಟ್ ಎಲ್ಲ ಒಂದೇ ಎಳೆಯಲ್ಲಿ. ಸಾಹೇಬರು ಖಡಾಖಂಡಿತವಾಗಿ ಹೇಳಿದರು: "ಹದಿನೈದು ದಿನದಲ್ಲಿ ಫೈಬರ್ ಜೋಡ್ಸೋದು ಕಲೀರಿ. ಆಗ್ಲಿಲ್ಲ ಅಂದ್ರೆ ಬಿಲ್ ಕೌಂಟರ್‌ನಲ್ಲಿ ಕುರ್ಚಿ ಹಾಕಿ ಕೂರಿಸ್ತೀನಿ." ಇಷ್ಟು ವರ್ಷ ಬೀದಿ ಬೀದಿ ಅಲೆದವನಿಗೆ ಆ ಕುರ್ಚಿಗಿಂತ ಜೈಲೇ ವಾಸಿ ಅನ್ನಿಸಿತು.

ಶಿವಮೊಗ್ಗದ ನವುಲೆಯಲ್ಲಿ ತರಬೇತಿ. ಕಲಿಸಲು ಬಂದವಳು ನನ್ನ ಮಗಳ ವಯಸ್ಸಿನ ಎಂಜಿನಿಯರ್. ಕೂದಲಿನಂಥ ಎಳೆಯೊಂದನ್ನು ಕೈಗಿತ್ತು "ಸಿಪ್ಪೆ ತೆಗೀರಿ" ಎಂದಳು. ಅದಕ್ಕೆಂದೇ ಇಟ್ಟ ಇಕ್ಕಳ ಪಕ್ಕದಲ್ಲೇ ಇತ್ತು. ನೋಡುವ ವ್ಯವಧಾನ ಯಾರಿಗಿದೆ? ಸೀದಾ ಬಾಯಿಗಿಟ್ಟು ಕಚ್ಚಿದೆ.

"ಅಯ್ಯಯ್ಯೋ, ಉಗೀರಿ ಸಾರ್, ಉಗೀರಿ! ಅದು ಗಾಜು!"

ಹತ್ತು ಸಲ ಬಾಯಿ ಮುಕ್ಕಳಿಸಿದೆ. ಗಾಯವೇನೂ ಆಗಲಿಲ್ಲ, ಮಾನ ಮಾತ್ರ ಹರಾಜಾಯಿತು. "ಏನ್ ಮಾರಾಯ, ತಿಂಡಿ ತಿನ್ಕೊಂಡ್ ಬರ್ಲಿಲ್ವಾ?" ಎಂದ ಪಕ್ಕದಲ್ಲಿದ್ದ ಗೆಳೆಯ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ನಾನೂ ನಕ್ಕೆ.

ಆದರೆ ಅವತ್ತೇ ಹಟ ಬಂತು. ಸಂಜೆ ಎಲ್ಲರೂ ಹೋದ ಮೇಲೂ ಕೂತು ಎಳೆ ಸುಲಿದೆ, ಒರೆಸಿದೆ, ಮುರಿದೆ, ನನ್ನನ್ನೇ ಬೈದುಕೊಂಡೆ, ಮತ್ತೆ ಸುಲಿದೆ. ಕುರ್ಚಿಯ ವಿಷಯ ಹೇಳಿದ ಮೇಲೆ ಆ ಹುಡುಗಿಯೂ ಮನೆಗೆ ಹೋಗದೆ ಜೊತೆಗೆ ಕೂತಳು. "ಬಲ ಬೇಡ ಸಾರ್, ಹೂ ಕಟ್ಟೋ ಹಾಗೆ ಹಿಡೀರಿ" ಎಂದಳು.

ಹದಿನೈದನೇ ದಿನ ಜನ್ನಾಪುರದಲ್ಲಿ ಪರೀಕ್ಷೆ. ಕಾರ್ಖಾನೆಯಿಂದ ನಿವೃತ್ತರಾದ ತಮಿಳು ಯಜಮಾನರೊಬ್ಬರ ಮನೆ. ಹಿಂದೆ ಅಲ್ಲಿಗೆ ಫೋನಿನ ತಂತಿ ಎಳೆದವನೂ ನಾನೇ. ಸಾಹೇಬರು ಕೈಕಟ್ಟಿ ನಿಂತರು. ಹೂ ಕಟ್ಟುವ ಹಾಗೆ ಎಳೆ ಹಿಡಿದು ಸುಲಿದೆ, ಒರೆಸಿದೆ. ಜೋಡಿಸುವ ಯಂತ್ರದ ಪರದೆಯಲ್ಲಿ ಎರಡು ತುದಿಗಳು ಎದುರುಬದುರು ಬಂದು ಒಂದಾದವು. ಮನೆಯೊಳಗಿನ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಯಜಮಾನರು ರಿಸೀವರ್ ಎತ್ತಿ ಕಿವಿಗಿಟ್ಟು "ಬಂತು ಸಾಮಿ, ಬಂತು!" ಎಂದು ಕೂಗಿದರು.

ಸಾಹೇಬರು ಯಂತ್ರ ನೋಡಿದರು, ನನ್ನನ್ನು ನೋಡಿದರು. "ನಾಳೆ ಹೊಳೆಹೊನ್ನೂರಲ್ಲಿ ಏಳು ಮನೆ ಇದಾವೆ. ಏಣಿ ತಗೊಂಡು ಬೇಗ ಬನ್ನಿ" ಎಂದು ಜೀಪು ಹತ್ತಿದರು.

ಖುಷಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಲ್ಲೇ ಬೀದಿಯಲ್ಲಿ ನಿಂತು ನವುಲೆಯ ಆ ಹುಡುಗಿಗೆ ಫೋನ್ ಮಾಡಿ ಕೂಗಿದೆ: "ಏಣಿ ಅಂದ್ರು ಕಣಮ್ಮಾ, ಕುರ್ಚಿ ಅನ್ಲಿಲ್ಲ!"